ಡಿಕ್ರಿ ಆದ ಮೇಲೆ ಜೀವನಾಂಶ ವಸೂಲಿ ಮಾಡಿದ್ದು: ನನ್ನ ಅನುಭವ

ವಿಚ್ಛೇದನದ ಡಿಕ್ರಿಯಲ್ಲಿ, ಅಂದರೆ ಕೋರ್ಟಿನ ಅಂತಿಮ ಆದೇಶದಲ್ಲಿ, ಮಾಜಿ ಗಂಡ ನನಗೆ ತಿಂಗಳಿಗೆ 6,000, ಮಗಳಿಗೆ 8,000 ರೂಪಾಯಿ ಕೊಡಬೇಕು ಅಂತ ಕೌಟುಂಬಿಕ ನ್ಯಾಯಾಲಯ ಬರೆದಿತ್ತು. ಹಿಂದೂ ವಿವಾಹ ಕಾಯ್ದೆಯ 25 ಮತ್ತು 26ನೇ ಕಲಂ ಪ್ರಕಾರ ಆದ ಆದೇಶ ಅದು. ಕೆಲವು ತಿಂಗಳು ಹಣ ಸರಿಯಾಗಿ ಬಂತು. ಆಮೇಲೆ ಅರ್ಧ ಬಂತು. ಕೊನೆಗೆ ನಿಂತೇಹೋಯಿತು. ಮಗಳ ಸ್ಕೂಲ್ ಫೀಸಿಗೆ ನಾನು ಕೈಸಾಲ ಮಾಡಬೇಕಾಯಿತು.

ಹಣ ಬರುತ್ತಿದೆಯೋ ಇಲ್ಲವೋ ಅಂತ ಕೋರ್ಟು ತಾನಾಗಿ ವಿಚಾರಿಸುವುದಿಲ್ಲ. ಬಾಕಿ ಇದೆ ಅಂತ ನಾವೇ ಹೋಗಿ ಹೇಳಬೇಕು. ಅದಕ್ಕೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಅಂತ ಕೇಳುವ ಅರ್ಜಿ ಹಾಕಬೇಕು. ಕೋರ್ಟಿನಲ್ಲಿ ಎಲ್ಲರ ಬಾಯಲ್ಲೂ ಅದು ಇ.ಪಿ. (ಎಕ್ಸಿಕ್ಯೂಷನ್ ಪಿಟಿಷನ್). ಡಿಕ್ರಿ ಕೊಟ್ಟ ಕೌಟುಂಬಿಕ ನ್ಯಾಯಾಲಯದಲ್ಲೇ ಹಾಕಬಹುದು. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 18ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಖಾಸಗಿ ಶಾಲೆಯ ಟೀಚರ್ ಸಂಬಳದಲ್ಲಿ ಮತ್ತೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ನನಗಿರಲಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ಆದಾಯ ಎಷ್ಟು ಅಂತ ನೋಡುವುದಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ನನಗೆ ಸಿಕ್ಕ ವಕೀಲರು ಒಳ್ಳೆಯ ಕೆಲಸ ಮಾಡಿದರು.

ಅವರು ಮೊದಲು ಕೇಳಿದ್ದು ಮೂರು ಕಾಗದ: ಡಿಕ್ರಿಯ ಸರ್ಟಿಫೈಡ್ ಕಾಪಿ, ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್, ಬಾಕಿಯ ಲೆಕ್ಕ. ಲೆಕ್ಕವನ್ನು ನಾನೇ ಬರೆದೆ. ಯಾವ ತಿಂಗಳು ಎಷ್ಟು ಬರಬೇಕಿತ್ತು, ಎಷ್ಟು ಬಂತು, ಯಾವ ತಾರೀಕಿಗೆ ಬಂತು, ಬಾಕಿ ಎಷ್ಟು ಅಂತ ಸಾಲಾಗಿ. ಅರ್ಧ ಕೊಟ್ಟ ತಿಂಗಳನ್ನೂ ಬಿಡದೆ ತೋರಿಸಿದೆ. ಬಂದ ಹಣವನ್ನು ಪ್ರಾಮಾಣಿಕವಾಗಿ ಕಳೆದು ತೋರಿಸಿದರೆ ಎದುರಿನವರಿಗೆ ಜಗ್ಗಾಡಲು ಏನೂ ಉಳಿಯುವುದಿಲ್ಲ.

ಆದರೂ ಜಗ್ಗಾಡಿದರು. ಮಗಳಿಗೆ ಬಟ್ಟೆ ಕೊಡಿಸಿದ್ದೇನೆ, ಸೈಕಲ್ ಕೊಡಿಸಿದ್ದೇನೆ, ಕೈಯಲ್ಲಿ ಕ್ಯಾಶ್ ಕೊಟ್ಟಿದ್ದೇನೆ ಅಂತ ಆಕ್ಷೇಪಣೆ ಹಾಕಿದರು. ಡಿಕ್ರಿಯ ಹಣ ಹೇಗೆ ಕೊಡಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆರ್ಡರಿನ 1ನೇ ರೂಲ್ ಹೇಳುತ್ತದೆ. ಕೋರ್ಟಿಗೆ ಕಟ್ಟಬೇಕು, ಇಲ್ಲವೇ ಬ್ಯಾಂಕ್ ಮೂಲಕ ಅಥವಾ ಬರವಣಿಗೆಯ ದಾಖಲೆ ಇರುವ ಹಾಗೆ ಕೊಡಬೇಕು. ಕ್ಯಾಶ್ ಕೊಟ್ಟಿದ್ದಕ್ಕೆ ಅವರ ಹತ್ತಿರ ದಾಖಲೆ ಇರಲಿಲ್ಲ. ಬಟ್ಟೆ, ಸೈಕಲ್ಲು ಅಪ್ಪನಾಗಿ ಮಗಳಿಗೆ ಕೊಟ್ಟಿದ್ದು. ಅದನ್ನು ಜೀವನಾಂಶಕ್ಕೆ ವಜಾ ಹಾಕಲು ನ್ಯಾಯಾಧೀಶರು ಒಪ್ಪಲಿಲ್ಲ.

ಅದಕ್ಕೂ ಮುಂಚೆ ಜಾಸ್ತಿ ಸತಾಯಿಸಿದ್ದು ನೋಟಿಸ್. "ಬಾಗಿಲಿಗೆ ಬೀಗ ಹಾಕಿದೆ" ಅನ್ನುವ ಶರಾ ಬರೆದು ವಾಪಸ್ ಬರುತ್ತಿತ್ತು. ಹೊಸ ವಿಳಾಸ ಕೊಡಬೇಕು, ಮತ್ತೆ ಪ್ರೋಸೆಸ್ ಫೀ ಕಟ್ಟಬೇಕು, ಮುಂದಿನ ತಾರೀಕಿಗೆ ಕಾಯಬೇಕು. ಆಫೀಸಿನ ವಿಳಾಸಕ್ಕೂ ನೋಟಿಸ್ ಕೇಳಿದ ಮೇಲೆ ಅದು ಮುಟ್ಟಿತು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ತಾರೀಕು ನೋಡಿಕೊಳ್ಳುತ್ತಿದ್ದೆ. ಅಮಲ್ಜಾರಿ ಕೇಸಿನ ಆರ್ಡರ್ ಶೀಟಿನಲ್ಲಿ ನಮ್ಮ ಹೆಸರು ಇರುವುದಿಲ್ಲ. ಡಿ.ಎಚ್.ಆರ್. ಅಂದರೆ ಹಣ ಬರಬೇಕಾದವರು, ಜೆ.ಡಿ.ಆರ್. ಅಂದರೆ ಕೊಡಬೇಕಾದವರು. "ಸ್ಟೆಪ್ಸ್ ತೆಗೆದುಕೊಳ್ಳಿ" ಅಂತ ಬರೆದಿದ್ದರೆ ಕೆಲಸ ಬಾಕಿ ಇರುವುದು ನಮ್ಮ ಕಡೆಯಿಂದ. ಸುಮ್ನೆ ಕೂತರೆ ಅರ್ಜಿಯೇ ವಜಾ ಆಗಬಹುದು.

ಅಣ್ಣ, ಅತ್ತಿಗೆ ಎಲ್ಲರೂ ಹೇಳಿದ್ದು ಒಂದೇ: "ಒಳಗೆ ಹಾಕಿಸು, ಬುದ್ಧಿ ಬರುತ್ತೆ." ವಾರಂಟ್ ಕೇಳುವ ದಾರಿ ಇತ್ತು. ನಾನು ಬೇಡ ಅಂದೆ. ಅವರು ಒಳಗೆ ಹೋದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮಗಳಿಗೆ ಎಲ್ಲಿಂದ ಬರಬೇಕು? ಜೈಲಿಗೆ ಹೋಗಿ ಬಂದರೆ ಬಾಕಿ ತೀರುತ್ತದೆ ಅಂತ ಹೆದರಿಸುವವರೂ ಇದ್ದಾರೆ. ಅದು ಸುಳ್ಳು. ಜೈಲು ಅನ್ನುವುದು ಹಣ ಕೊಡಿಸುವುದಕ್ಕೆ ಒತ್ತಾಯ ಅಷ್ಟೇ, ಬಾಕಿ ಹಾಗೇ ಇರುತ್ತದೆ ಅಂತ 1989ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾನು ಕೇಳಿದ್ದು ಸಂಬಳ ಜಪ್ತಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆ ನಡೆದಿದ್ದೇ ಇದರಿಂದ. ಸಾಮಾನ್ಯ ಸಾಲದ ಡಿಕ್ರಿಯಾದರೆ ಸಂಬಳದ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಜೀವನಾಂಶದ ಡಿಕ್ರಿಗೆ ಹಾಗಲ್ಲ. ಮೂರನೇ ಒಂದು ಭಾಗ ಅವರಿಗೆ ಬಿಟ್ಟು ಉಳಿದದ್ದನ್ನು ಜಪ್ತಿ ಮಾಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂನಲ್ಲಿ ಇದು ಸ್ಪಷ್ಟವಾಗಿದೆ. ಪಿ.ಎಫ್., ಗ್ರಾಚ್ಯುಟಿ ಮಾತ್ರ ಮುಟ್ಟಲು ಬರುವುದಿಲ್ಲ. ಖಾಸಗಿ ಕಂಪನಿಯ ನೌಕರರಿಗೆ 21ನೇ ಆರ್ಡರಿನ 48ಎ ರೂಲ್, ಸರ್ಕಾರಿ ನೌಕರರಿಗೆ 48. ಕಂಪನಿ ಬೆಂಗಳೂರಿನಲ್ಲಿತ್ತು, ನಮ್ಮ ಕೋರ್ಟು ಬೇರೆ ಜಿಲ್ಲೆಯಲ್ಲಿ. 48ಎ ಪ್ರಕಾರ ಸಂಬಳ ಕೊಡುವ ಅಧಿಕಾರಿ ತನ್ನ ವ್ಯಾಪ್ತಿಯೊಳಗೆ ಇದ್ದರೆ ಮಾತ್ರ ಕೋರ್ಟು ಇಂಥ ಆದೇಶ ಕೊಡಬಹುದು. ಹಾಗಾಗಿ ಡಿಕ್ರಿಯನ್ನು ಬೆಂಗಳೂರಿನ ಕೋರ್ಟಿಗೆ ಕಳಿಸಿ ಅಲ್ಲಿಂದ ಆದೇಶ ಮಾಡಿಸಬೇಕಾಯಿತು. ಆದೇಶ ಮುಟ್ಟಿದ ಮೇಲೂ ಕಂಪನಿ ಹಿಡಿಯದೆ ಪೂರ್ತಿ ಸಂಬಳ ಕೊಟ್ಟರೆ ಆ ಹಣಕ್ಕೆ ಕಂಪನಿಯೇ ಹೊಣೆ. ಹಾಗಾಗಿ ಎಚ್.ಆರ್. ವಿಭಾಗದವರು ಇದನ್ನು ಮೂಲೆಗೆ ಹಾಕಲಿಲ್ಲ.

ಕಂಪನಿಯ ಹೆಸರು, ಸಂಬಳದ ವಿವರ ಹುಡುಕಲು ನಾನು ಎಲ್ಲೂ ಅಲೆಯಲಿಲ್ಲ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದಾಗಿ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಹಾಕಬೇಕು. ಡಿಕ್ರಿಗೆ ಮುಂಚೆ ಅವರು ಹಾಕಿದ್ದ ಅಫಿಡವಿಟ್ಟಿನಲ್ಲಿ ಎಲ್ಲ ಇತ್ತು. ಕೇಸ್ ಮುಗಿಯಿತು ಅಂತ ಆ ಕಾಗದವನ್ನು ದಯವಿಟ್ಟು ಎಸೆಯಬೇಡಿ.

ಸಿ.ಆರ್.ಪಿ.ಸಿ. (ಅಪರಾಧ ಪ್ರಕ್ರಿಯಾ ಸಂಹಿತೆ) 125ನೇ ಕಲಂ ಕೆಳಗೆ ಜೀವನಾಂಶದ ಆದೇಶ ಇರುವವರಿಗೆ ದಾರಿ ಬೇರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಅಲ್ಲಿ ದಂಡ ವಸೂಲಿಯ ವಾರಂಟ್, ಅಂದರೆ ಎಫ್.ಎಲ್.ಡಬ್ಲ್ಯೂ. ಕೇಳಬೇಕು. ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಲೇಬೇಕು. ಈ ತಿಂಗಳು ಕೊಡುತ್ತೇನೆ, ಮುಂದಿನ ತಿಂಗಳು ಕೊಡುತ್ತೇನೆ ಅನ್ನುವ ಮಾತು ನಂಬಿ ಕೂತರೆ ಹಳೆಯ ಬಾಕಿಗೆ ಆ ವಾರಂಟ್ ಸಿಗುವುದಿಲ್ಲ.

ಹಣ ನಿಂತಾಗ ಮಗಳನ್ನು ಅಪ್ಪನ ಹತ್ತಿರ ಕಳಿಸಬೇಡ ಅಂತಲೂ ಮನೆಯಲ್ಲಿ ಒತ್ತಾಯ ಇತ್ತು. ತಿಂಗಳ ಎರಡನೇ, ನಾಲ್ಕನೇ ಭಾನುವಾರ ಭೇಟಿ ಅಂತ ಆದೇಶದಲ್ಲಿದೆ. ನಾನು ಒಂದು ಭಾನುವಾರವೂ ತಪ್ಪಿಸಲಿಲ್ಲ. ಹಣದ ಆದೇಶ ಅವರು ಮುರಿದರು ಅಂತ ಭೇಟಿಯ ಆದೇಶ ನಾನು ಮುರಿಯುವ ಹಾಗಿಲ್ಲ. ಕಾನೂನು ಹಾಗಿರಲಿ, ಅವಳಿಗೆ ಅಪ್ಪ ಬೇಕು. ಅವಳನ್ನು ವಸೂಲಿಗೆ ಅಡ ಇಡುವುದು ನನ್ನಿಂದ ಆಗುವ ಕೆಲಸವಲ್ಲ.

ಸಂಬಳ ಜಪ್ತಿಗೆ ಒಂದು ತೊಂದರೆ ಇದೆ. ಕೆಲಸ ಬಿಟ್ಟರೆ ಆದೇಶ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲೂ ಹಾಗೇ ಆಯಿತು. ಅವರು ಕೆಲಸ ಬಿಟ್ಟಿದ್ದಾರೆ ಅಂತ ಕಂಪನಿ ಕೋರ್ಟಿಗೆ ಪತ್ರ ಬರೆಯಿತು. ಆಗ ಅದೇ 21ನೇ ಆರ್ಡರಿನ 41ನೇ ರೂಲ್ ಪ್ರಕಾರ ಆಸ್ತಿ ವಿವರದ ಅಫಿಡವಿಟ್ ಕೇಳಿದೆವು. ಕೋರ್ಟು ಹೇಳಿದ ಮೇಲೂ ಅದನ್ನು ಹಾಕದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗಿದೆ. ಅಫಿಡವಿಟ್ ಬಂತು, ಹೊಸ ಕಂಪನಿಯ ಹೆಸರೂ ಬಂತು. ಅಲ್ಲಿಗೆ ಹೊಸ ಆದೇಶ ಹೋಯಿತು. ಈಗ ಹಣ ಕೋರ್ಟಿಗೆ ಜಮಾ ಆಗುತ್ತದೆ. ಬಿಡುಗಡೆಗೆ ಅರ್ಜಿ ಕೊಟ್ಟರೆ ನನ್ನ ಖಾತೆಗೆ ಬರುತ್ತದೆ. ಹಳೆಯ ಬಾಕಿ ಕಂತಿನಲ್ಲಿ ಇಳಿಯುತ್ತಿದೆ.

ಮಗಳು ಈ ವರ್ಷ ಪಿಯುಸಿ ಸೇರಿದಳು. 8,000ದಲ್ಲಿ ಕಾಲೇಜು, ಬಸ್ಸು, ಟ್ಯೂಷನ್ ಎಲ್ಲ ಆಗುವುದಿಲ್ಲ ಅಲ್ವಾ. ಅವಳ ಭಾಗ ಹೆಚ್ಚಿಸಿ ಅಂತ 26ನೇ ಕಲಂ ಕೆಳಗೆ ಅರ್ಜಿ ತಯಾರಾಗುತ್ತಿದೆ, ಫೀಸಿನ ರಸೀದಿ ಜೋಡಿಸುತ್ತಿದ್ದೇನೆ.