ಮೆನಾಂಡರನ ಬೆಳ್ಳಿ ಬಿಲ್ಲೆಯನ್ನು ಓದಲು ಕಲಿತದ್ದು

ನಾನು ಕೊಂಡ ಮೊದಲ ಗ್ರೀಕ್ ನಾಣ್ಯ ನಕಲಿ. ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ಒಂಬತ್ತು ಸಾವಿರ ಕೊಟ್ಟು ತಂದಿದ್ದೆ. ಒಂದು ಕಡೆ ಶಿರಸ್ತ್ರಾಣ ತೊಟ್ಟ ರಾಜ. ಇನ್ನೊಂದು ಕಡೆ ಭರ್ಜಿ ಹಿಡಿದು ಕುದುರೆ ಓಡಿಸುವ ಅವಳಿ ದೇವರುಗಳು. ಬ್ಯಾಕ್ಟ್ರಿಯಾ ಅನ್ನೋ ಹಳೆಯ ಗ್ರೀಕ್ ರಾಜ್ಯದ ಯೂಕ್ರಟಿಡೀಸನ ದೊಡ್ಡ ಬೆಳ್ಳಿ ನಾಣ್ಯ ಅಂತ ಮಾರಿದವನು ಹೇಳಿದ್ದ. ನಾನೂ ನಂಬಿದ್ದೆ.

ಊರಿಗೆ ಬಂದವನೇ ನಮ್ಮ ಬೀದಿಯ ಆಚಾರ್ರಿಗೆ ತೋರಿಸಿದೆ. ಅವರು ಚಿನ್ನ ಬೆಳ್ಳಿ ಕೆಲಸ ಮಾಡುವವರು, ಗ್ರೀಕರ ಗೊಡವೆ ಅವರಿಗಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಂಚನ್ನೊಮ್ಮೆ ತಿರುಗಿಸಿ ನೋಡಿದರು. 'ಮೇಷ್ಟ್ರೇ, ಇದು ಎರಕ ಹೊಯ್ದದ್ದು. ಅಚ್ಚು ಹೊಡೆದದ್ದಲ್ಲ' ಅಂದರು. ಅಂಚಿನ ಸುತ್ತ ಕೂದಲಿನಷ್ಟು ಸಣ್ಣ ಗೆರೆ ಇತ್ತು. ಎರಕದ ಎರಡು ಅಚ್ಚುಗಳು ಕೂಡುವ ಜಾಗದಲ್ಲಿ ಬಿದ್ದ ಗೆರೆ ಅದು. ರಾಜನ ಕೆನ್ನೆಯ ಮೇಲೆ ಸೂಜಿಮೊನೆಯಂಥ ತೂತುಗಳು. ಎರಕ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡ ಗುರುತು. ಆಮೇಲೆ ತಕ್ಕಡಿಗೆ ಹಾಕಿದರು. 14.1 ಗ್ರಾಂ. ಆ ರಾಜನ ಈ ಬಗೆಯ ನಾಣ್ಯ ಹೆಚ್ಚುಕಡಿಮೆ 17 ಗ್ರಾಂ ತೂಗಬೇಕು.

ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವವನು. ಆರ್ಕಿಮಿಡೀಸನ ಸ್ನಾನದ ಕಥೆಯನ್ನು ವರ್ಷಕ್ಕೊಮ್ಮೆ ಮಕ್ಕಳಿಗೆ ಹೇಳುತ್ತೇನೆ. ಅದನ್ನು ಒಂಬತ್ತು ಸಾವಿರ ಕೊಡೋ ಮುಂಚೆ ನೆನಪು ಮಾಡಿಕೊಳ್ಳಲಿಲ್ಲ, ಅಷ್ಟೆ. ಲೋಟದಲ್ಲಿ ನೀರಿಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ನೂಲಿನಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ಮುಳುಗಿಸಿದೆವು. ತಕ್ಕಡಿ 1.6 ತೋರಿಸಿತು, ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ ಅದು. 14.1ನ್ನು 1.6ರಿಂದ ಭಾಗಿಸಿದರೆ ಸಾಂದ್ರತೆ 8.8. ಒಳ್ಳೆಯ ಬೆಳ್ಳಿಯಾದರೆ 10.5ರ ಹತ್ತಿರ ಬರಬೇಕು. ಅಂದರೆ ಒಳಗಿರುವುದು ತಾಮ್ರ ಬೆರೆತ ಏನೋ ಒಂದು.

ದುಡ್ಡು ಹೋದ ಸಿಟ್ಟಿನಲ್ಲೇ ಆ ಯೂಕ್ರಟಿಡೀಸ್ ಯಾರು ಅಂತ ಹುಡುಕಿದೆ. ಕ್ರಿ.ಪೂ. 170ರಿಂದ 145ರ ಸುಮಾರಿಗೆ, ಈಗಿನ ಅಫ್ಘಾನಿಸ್ತಾನದ ಉತ್ತರ ಭಾಗದಲ್ಲಿ, ಆಮು ದರ್ಯಾ ನದಿಯ ಸೀಮೆಯನ್ನು ಆಳಿದವನು. ಅಲೆಕ್ಸಾಂಡರ್ ಸತ್ತ ಮೇಲೆ ಆ ನಾಡು ಅವನ ಸೇನಾನಿ ಸೆಲ್ಯೂಕಸನ ವಂಶದ ಕೈಯಲ್ಲಿತ್ತು. ಕ್ರಿ.ಪೂ. 250ರ ಆಸುಪಾಸಿನಲ್ಲಿ ಅಲ್ಲಿನ ಗ್ರೀಕ್ ಅಧಿಕಾರಿ ಡಯೊಡೋಟಸ್ ತಾನೇ ರಾಜ ಅಂದುಬಿಟ್ಟ. ಯೂಕ್ರಟಿಡೀಸ್ ಅದಾಗಿ ಎರಡು ಮೂರು ತಲೆಮಾರಿನ ನಂತರದವನು. ಅವನು ಹೊಡೆಸಿದ ಒಂದು ಚಿನ್ನದ ನಾಣ್ಯ 169 ಗ್ರಾಂ ತೂಗುತ್ತದೆ. ಇಷ್ಟು ದೊಡ್ಡ ಚಿನ್ನದ ನಾಣ್ಯ ಹಳೆಯ ಕಾಲದ್ದು ಬೇರೊಂದು ಸಿಕ್ಕಿಲ್ಲ. ಅದೀಗ ಪ್ಯಾರಿಸ್ಸಿನಲ್ಲಿದೆ. ಅಷ್ಟು ಮೆರೆದವನನ್ನು ಕೊನೆಗೆ ಸ್ವಂತ ಮಗನೇ ಕೊಂದು, ರಕ್ತದ ಮೇಲೆ ರಥ ಹರಿಸಿ, ಹೆಣಕ್ಕೆ ಸಂಸ್ಕಾರವನ್ನೂ ಮಾಡಲಿಲ್ಲ ಅಂತ ರೋಮನ್ ಲೇಖಕ ಜಸ್ಟಿನ್ ಬರೆದಿದ್ದಾನೆ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಆದರೆ ಈ ಸಲ ಒಂದು ಹಟ ಹಿಡಿದೆ. ಓದಲು ಬರದ ನಾಣ್ಯ ಕೊಳ್ಳಬಾರದು.

ಆರು ತಿಂಗಳು ಬಿಟ್ಟು, ಭಾರತದ ವಾಯವ್ಯದಲ್ಲಿ ಆಳಿದ ಗ್ರೀಕ್ ರಾಜ ಮೆನಾಂಡರನ ಒಂದು ಡ್ರಾಕ್ಮ, ಅಂದರೆ ಗ್ರೀಕರ ಬೆಳ್ಳಿ ನಾಣ್ಯ, ಕೊಂಡೆ. ಚಿಕ್ಕದು, ನಮ್ಮ ಒಂದು ರೂಪಾಯಿಗಿಂತ ಸಣ್ಣ ಬಿಲ್ಲೆ, 2.41 ಗ್ರಾಂ. ಇಷ್ಟು ಸಣ್ಣದಕ್ಕೆ ಮನೆಯ ತಕ್ಕಡಿ ಸಾಲದು ಅಂತ ಆಗಲೇ ಗೊತ್ತಾಗಿದ್ದು. ನೀರಿನ ತೂಕ 0.23 ಬಂದರೆ ಉತ್ತರ 10.5. ಒಂದೇ ಒಂದು ಅಂಕಿ ಜಾಸ್ತಿಯಾಗಿ 0.24 ಬಂದರೆ 10.0. ಒಳ್ಳೆಯ ನಾಣ್ಯವೂ ಕೆಟ್ಟದ್ದಾಗಿ ಕಾಣುತ್ತದೆ. ಆಚಾರ್ರ ಮಿಲಿಗ್ರಾಂ ತಕ್ಕಡಿಯಲ್ಲಿ ಮೂರು ಸಲ ನೋಡಿದ ಮೇಲೆಯೇ ಸಮಾಧಾನ ಆಯಿತು.

ಓದುವ ಕೆಲಸ ಅದಕ್ಕಿಂತ ಮಜಾ ಕೊಟ್ಟಿತು. ರಾಜನ ಮುಖದ ಸುತ್ತ ಗ್ರೀಕ್ ಅಕ್ಷರಗಳಿವೆ. ಇಂಗ್ಲಿಷ್ ಬಲ್ಲವನಿಗೆ ಅದೇ ತೊಡಕು. ಪಿ ಥರ ಕಂಡದ್ದು ಗ್ರೀಕಿನಲ್ಲಿ 'ರ'. ಎಚ್ ಥರ ಕಂಡದ್ದು 'ಏ'. ಕುದುರೆ ಲಾಳದ ಹಾಗಿರುವುದು 'ಓ'. ಮಗ್ಗುಲಾಗಿ ಮಲಗಿದ ಎಂ ಕಂಡರೆ ಅದು 'ಸ'. ತ್ರಿಕೋಣ 'ಡ'. ಒಂದು ಭಾನುವಾರ ಮಧ್ಯಾಹ್ನವೆಲ್ಲ ಕೂತು ಬಿಡಿಸಿದೆ: ಬಸಿಲೆಓಸ್ ಸೋತೇರೋಸ್ ಮೆನಾಂಡ್ರೂ. ಅರ್ಥ 'ರಾಜನ, ಕಾಪಾಡುವವನ, ಮೆನಾಂಡರನ'. ನಾಣ್ಯ ಅನ್ನೋ ಪದ ಅಲ್ಲಿಲ್ಲ. ಯಾರದ್ದು ಅಂತ ಮಾತ್ರ ಹೇಳುತ್ತದೆ. ನಾವು ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಹೆಸರು ಕೆತ್ತಿಸುವುದಿಲ್ವಾ, ಹಾಗೆ.

ಹಿಂದುಗಡೆ ಅಥೇನಾ ದೇವಿ ಸಿಡಿಲು ಎಸೆಯುತ್ತಿದ್ದಾಳೆ. ಅವಳ ಸುತ್ತಲಿನ ಬರಹ ಖರೋಷ್ಠಿ ಲಿಪಿಯಲ್ಲಿದೆ, ಗಂಧಾರದ ಜನ ಬಳಸುತ್ತಿದ್ದ ಲಿಪಿ. ಬಲದಿಂದ ಎಡಕ್ಕೆ ಓದಬೇಕು. ಒಟ್ಟು 13 ಅಕ್ಷರ. ಪುಸ್ತಕ ನೋಡದೆ ಎಣಿಸಿ ಹಾಳೆಯ ಮೇಲೆ ಬರೆದುಕೊಂಡೆ. 5ನೆಯದು, 9ನೆಯದು, 13ನೆಯದು ಒಂದೇ ಅಕ್ಷರ. 3ನೆಯದೂ 8ನೆಯದೂ ಒಂದೇ. ಆಮೇಲೆ ಉತ್ತರ ನೋಡಿದೆ: ಮಹರಜಸ ತ್ರತರಸ ಮೆನಂದ್ರಸ. ಆ ಮೂರು ಸಲ ಬಂದದ್ದು 'ಸ', ಅಂದರೆ ನಮ್ಮ 'ನ' ಪ್ರತ್ಯಯ. ಎರಡು ಸಲ ಬಂದದ್ದು 'ರ'. ಈ ಲಿಪಿ ದೀರ್ಘ ಬರೆಯುವುದಿಲ್ಲ, ಅದಕ್ಕೇ ಮಹಾರಾಜ ಮಹರಜ ಆಗಿದ್ದಾನೆ. 'ತ್ರತರ' ಅಂದರೆ ತ್ರಾತಾರ, ರಕ್ಷಕ. ಗ್ರೀಕಿನ ಸೋತೇರಿಗೆ ಸರಿಯಾದ ಅನುವಾದ. 2,100 ವರ್ಷಕ್ಕಿಂತ ಹಿಂದಿನ ಪದವೊಂದು ನಿಘಂಟಿಲ್ಲದೆ ಅರ್ಥವಾದಾಗ ಮನೆಯವಳನ್ನು ಕೂಗಿ ಕರೆದೆ. ಅವಳು 'ಊಟ ಆರಿ ಹೋಗ್ತಿದೆ' ಅಂದಳು.

ನಾನು ಸುಮ್ನೆ ಆಟಕ್ಕೆ ಮಾಡಿದ ಈ ಕೆಲಸವನ್ನೇ 1830ರ ದಶಕದಲ್ಲಿ ಚಾರ್ಲ್ಸ್ ಮ್ಯಾಸನ್ ಮತ್ತು ಜೇಮ್ಸ್ ಪ್ರಿನ್ಸೆಪ್ ಉತ್ತರ ಗೊತ್ತಿಲ್ಲದೆ ಮಾಡಿದರು. ಮ್ಯಾಸನ್ ಕಂಪನಿ ಸೈನ್ಯದಿಂದ ಓಡಿಹೋಗಿ ಹೆಸರು ಬದಲಿಸಿಕೊಂಡವನು. ಕಾಬೂಲಿನ ಉತ್ತರಕ್ಕಿರುವ ಬೇಗ್ರಾಮಿನಲ್ಲಿ ಸಾವಿರಗಟ್ಟಲೆ ನಾಣ್ಯ ಕೂಡಿಸಿದ. ಪ್ರಿನ್ಸೆಪ್ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಿಸುವ ಅಧಿಕಾರಿ. ಒಂದು ಕಡೆ ಗ್ರೀಕ್, ಇನ್ನೊಂದು ಕಡೆ ಖರೋಷ್ಠಿ ಇರುವ ಇಂಥ ಬಿಲ್ಲೆಗಳೇ ಆ ಲಿಪಿಗೆ ಬೀಗದ ಕೈ ಆದವು.

ಮೆನಾಂಡರ್ ನಮಗೆ ಹೊಸಬನೇನಲ್ಲ. ಪಾಲಿ ಭಾಷೆಯ ಬೌದ್ಧ ಗ್ರಂಥ 'ಮಿಲಿಂದ ಪಞ್ಹ'ದಲ್ಲಿ ಭಿಕ್ಷು ನಾಗಸೇನನಿಗೆ ಪ್ರಶ್ನೆಗಳ ಸುರಿಮಳೆ ಸುರಿಸುವ ಮಿಲಿಂದ ರಾಜ ಇವನೇ. ರಾಜಧಾನಿ ಸಾಗಲ, ಈಗಿನ ಪಾಕಿಸ್ತಾನದ ಸಿಯಾಲ್‌ಕೋಟ್ ಅನ್ನುತ್ತಾರೆ. ಆ ಗ್ರಂಥದ ಪ್ರಕಾರ ಅವನು ರಾಜ್ಯವನ್ನು ಮಗನಿಗೆ ಒಪ್ಪಿಸಿ ಸನ್ಯಾಸಿಯಾದ. ಗ್ರೀಕ್ ಲೇಖಕ ಪ್ಲುಟಾರ್ಕ್ ಬೇರೆಯೇ ಹೇಳುತ್ತಾನೆ: ದಂಡಿನ ಬಿಡಾರದಲ್ಲಿ ಸತ್ತ, ಅವನ ಬೂದಿಗಾಗಿ ಊರುಗಳು ಜಗಳವಾಡಿ ಹಂಚಿಕೊಂಡವು. ಅವನ ಒಂದು ತಾಮ್ರದ ನಾಣ್ಯದ ಮೇಲೆ ಎಂಟು ಕಡ್ಡಿಯ ಚಕ್ರವಿದೆ. ಧರ್ಮಚಕ್ರ ಅಂತ ಹಲವರು ಹಿಗ್ಗುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಅವನ ಬೆಳ್ಳಿಯ ಮೇಲೆಲ್ಲ ಅಥೇನಾಳೇ ಇದ್ದಾಳೆ, ಅದೂ ಅಲೆಕ್ಸಾಂಡರನ ಊರು ಪೆಲ್ಲಾದ ದೇವಿಯ ರೂಪದಲ್ಲಿ. ರಾಜರು ಎಲ್ಲ ದೇವರಿಗೂ ಕೈ ಮುಗಿಯುತ್ತಾರೆ, ಈಗಿನವರ ಹಾಗೇ.

ಇವನ ಬಗ್ಗೆ ಇಷ್ಟಾದರೂ ಬರಹ ಉಳಿದಿದೆ. ಈ ಇಂಡೋ-ಗ್ರೀಕ್ ರಾಜರು ಮೂವತ್ತಕ್ಕೂ ಜಾಸ್ತಿ. ಹೆಚ್ಚಿನವರ ಬಗ್ಗೆ ಒಂದು ಸಾಲು ಎಲ್ಲೂ ಇಲ್ಲ, ನಾಣ್ಯ ಮಾತ್ರ. ಯಾರ ಹಳೆಯ ನಾಣ್ಯದ ಮೇಲೆ ಯಾರು ಮತ್ತೆ ಅಚ್ಚು ಹೊಡೆದರು ಅಂತ ನೋಡಿ ಮೊದಲು ಯಾರು, ಆಮೇಲೆ ಯಾರು ಅಂತ ಜೋಡಿಸುತ್ತಾರೆ. ಅಂತಿಆಲ್ಕಿಡಸ್ ಎಂಬುವನ ಹೆಸರು ಮಾತ್ರ ಮಧ್ಯಪ್ರದೇಶದ ವಿದಿಶಾ ಹತ್ತಿರದ ಕಂಬವೊಂದರ ಮೇಲೆ ಸಿಕ್ಕಿದೆ. ಅವನ ರಾಯಭಾರಿ ಹೆಲಿಯೊಡೋರಸ್ ವಾಸುದೇವನಿಗೆ ನಿಲ್ಲಿಸಿದ ಗರುಡಗಂಬ ಅದು.

ನನ್ನಲ್ಲಿರುವ ಇನ್ನೊಂದು ನಾಣ್ಯ, ಅಪೊಲೊಡೋಟಸ್ ಎಂಬ ಇಂಡೋ-ಗ್ರೀಕ್ ರಾಜನ ಚೌಕ ಬೆಳ್ಳಿ. ಒಂದು ಕಡೆ ಆನೆ, ಇನ್ನೊಂದು ಕಡೆ ಡುಬ್ಬದ ಗೂಳಿ, ರಾಜನ ಮುಖವೇ ಇಲ್ಲ. ಇದನ್ನು ಹಾಳು ಮಾಡಿದವನು ನಾನೇ. ಕಪ್ಪಗಿದೆ ಅಂತ ದೀಪದ ಕಂಬ ತಿಕ್ಕಿದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಅಂತು. ಗೂಳಿಯ ಕಣ್ಣೂ ಹೋಯಿತು. ಶತಮಾನಗಳಲ್ಲಿ ಕೂತ ಕಪ್ಪು ಒಂದು ಗಂಟೆಯಲ್ಲಿ ಚರಂಡಿಗೆ. ಈಗ ಡಿಸ್ಟಿಲ್ಡ್ ನೀರಿನಲ್ಲಿ ಎರಡು ದಿನ ನೆನೆಸಿಟ್ಟು, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸುತ್ತೇನೆ. ಬೇರೇನೂ ಮುಟ್ಟಿಸಲ್ಲ.

ಅಪೊಲೊಡೋಟಸ್ ಮತ್ತು ಮೆನಾಂಡರ್ ಇಬ್ಬರ ಹಳೆಯ ಡ್ರಾಕ್ಮಗಳೂ ಗುಜರಾತಿನ ಭರೂಚ್ ಬಂದರಿನಲ್ಲಿ ಇನ್ನೂ ಚಲಾವಣೆಯಲ್ಲಿವೆ ಅಂತ ಕ್ರಿ.ಶ. ಒಂದನೆಯ ಶತಮಾನದ ಒಬ್ಬ ಗ್ರೀಕ್ ವ್ಯಾಪಾರಿ ಬರೆದಿಟ್ಟಿದ್ದಾನೆ. ರಾಜರು ಸತ್ತು ಇನ್ನೂರು ವರ್ಷ ಆಗಿದ್ದರೂ ಬೆಳ್ಳಿ ಓಡಾಡುತ್ತಿತ್ತು.

ಕೊಳ್ಳಲು ಹೊರಟವರಿಗೆ ಒಂದೆರಡು ಮಾತು. ನೂರು ವರ್ಷ ದಾಟಿದ ನಾಣ್ಯ ನಮ್ಮ ದೇಶದ ಕಾನೂನಿನಲ್ಲಿ ಪುರಾತನ ವಸ್ತು, 1972ರ ಕಾಯ್ದೆ ಇದೆ. ಹೊರದೇಶಕ್ಕೆ ಕಳಿಸುವಂತಿಲ್ಲ. ರಸೀದಿ ಇಲ್ಲದೆ ನಾನು ಕೊಳ್ಳುವುದಿಲ್ಲ. ಅಫ್ಘಾನಿಸ್ತಾನದ ಮೀರ್ ಜಕಾ ಎಂಬಲ್ಲಿ 1990ರ ದಶಕದಲ್ಲಿ ಟನ್ನುಗಟ್ಟಲೆ ನಾಣ್ಯ ತೋಡಿ ಮಾರಿಬಿಟ್ಟರು. ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಅನ್ನೋ ಮಾಹಿತಿ ಅಲ್ಲಿಗೇ ಮಣ್ಣುಪಾಲು. ನನ್ನ ಪೆಟ್ಟಿಗೆಗೂ ಅಂಥದ್ದು ಬಂದಿರಬಹುದು ಅನ್ನೋ ಅಳುಕು ಹೋಗಿಲ್ಲ. ಅದಕ್ಕೇ ಮೂರು ವರ್ಷದಿಂದ ಹೊಸದು ಕೊಂಡಿಲ್ಲ, ಮ್ಯೂಸಿಯಂಗಳ ಫೋಟೋ ನೋಡಿಯೇ ಓದುತ್ತೇನೆ.

ನಕಲಿ ಯೂಕ್ರಟಿಡೀಸ್ ಶಾಲೆಯ ಲ್ಯಾಬಿನಲ್ಲಿದ್ದಾನೆ, ಸಾಂದ್ರತೆಯ ಪಾಠಕ್ಕೆ. ಅಸಲಿ ಮೆನಾಂಡರನನ್ನು ಮೊನ್ನೆ ಆಚಾರ್ರು ಮತ್ತೆ ಕೇಳಿ ನೋಡಿದರು. ಅಥೇನಾಳ ಗುರಾಣಿಯ ಅಂಚು ಎರಡೆರಡು ಸಲ ಮೂಡಿದೆ, ಏಟು ಬಿದ್ದ ಕೂಡಲೇ ಬಿಲ್ಲೆ ಜಾರಿದೆ. ಭೂತಗನ್ನಡಿ ಕೆಳಗಿಡುತ್ತ ಅವರು ಅಂದರು, 'ಇದನ್ನ ಹೊಡೆದವನಿಗೆ ಅವತ್ತು ಏನೋ ಅರ್ಜೆಂಟಿತ್ತು, ಮೇಷ್ಟ್ರೇ.'