ಒಂದೇ ಏಟಿನ 307: ಉದ್ದೇಶವನ್ನು ನಾನು ಹುಡುಕಿದ ಬಗೆ

‘ಕೊಲೆ ಮಾಡುವ ಉದ್ದೇಶದಿಂದ’ ಅನ್ನುವ ಮಾತಿಲ್ಲದ 307ರ ದೂರನ್ನು, ಅಂದರೆ 2024ರ ಜುಲೈವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ ಕೊಲೆಯತ್ನದ ಕಲಮಿನ ದೂರನ್ನು, ನಾನಂತೂ ನೋಡಿಲ್ಲ. ಠಾಣೆಯಲ್ಲಿ ಬರೆಯುವಾಗಲೇ ಅದು ಬಂದು ಕೂತಿರುತ್ತದೆ. ಆ ಸಾಲನ್ನು ಪಕ್ಕಕ್ಕಿಟ್ಟು ನಾನು ಮೊದಲು ಓದುವುದು ಗಾಯದ ಬಗ್ಗೆ ಡಾಕ್ಟರು ಕೊಡುವ ವೂಂಡ್ ಸರ್ಟಿಫಿಕೇಟ್, ಆಮೇಲೆ ಘಟನೆಯ ಜಾಗದಲ್ಲಿ ಪೊಲೀಸರು ಬರೆದ ಸ್ಥಳ ಮಹಜರು.

ಈ ಕೇಸು ಇಬ್ಬರು ದಾಯಾದಿಗಳದ್ದು. ನಾಲೆ ನೀರಿಗೆ ಜಗಳ. ಗದ್ದೆ ಬದುವಿನ ಮೇಲೆ ಮಾತಿಗೆ ಮಾತು ಬೆಳೆದು, ನನ್ನ ಕಕ್ಷಿದಾರ ಕೈಯಲ್ಲಿದ್ದ ಸನಿಕೆಯಿಂದ ಇನ್ನೊಬ್ಬನ ತಲೆಗೆ ಒಂದು ಏಟು ಹಾಕಿದ ಅನ್ನುವುದು ಆರೋಪ. “ಕೊಲ್ಲೋ ಮನಸ್ಸಿದ್ದಿದ್ರೆ ಒಂದಕ್ಕೇ ಬಿಡ್ತಿದ್ನಾ ಸಾರ್?” ಅಂತ ಅವನು. ಮಾರಾಯ, ಕೋರ್ಟಲ್ಲಿ ಮಾತ್ರ ಹೀಗೆ ಹೇಳಬೇಡ ಅಂದೆ. ಹೊಡೆದದ್ದನ್ನು ಒಪ್ಪಿಕೊಂಡ ಹಾಗೆ ಆಗುತ್ತದೆ, ಅಲ್ವಾ?

ಸರ್ಟಿಫಿಕೇಟಿನಲ್ಲಿ ಮೂಳೆ ಮುರಿದಿಲ್ಲ, ಸಾಧಾರಣ ಗಾಯ ಅಂತಿತ್ತು. ಅಷ್ಟಕ್ಕೇ 307 ಬಿದ್ದುಹೋಯಿತು ಅಂತ ಜೂನಿಯರ್‌ಗಳು ಖುಷಿಪಡುತ್ತಾರೆ. ಬೀಳುವುದಿಲ್ಲ. ಗಾಯ ಚಿಕ್ಕದಾದರೂ ಉದ್ದೇಶ ಇದ್ದರೆ 307 ನಿಲ್ಲುತ್ತದೆ ಅಂತ 1983ರಲ್ಲೇ ಬಲರಾಮ್ ಬಾಮಾ ಪಾಟೀಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಕಣ್ಣು ಬಿದ್ದದ್ದು ಬೇರೆ ಕಡೆ: ಗಾಯದ ಅಂಚು ನೇರವಾಗಿ ಕೊಯ್ದಂತಿರಲಿಲ್ಲ, ಜಜ್ಜಿ ಹರಿದಂತಿತ್ತು. ಪಾಟೀ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ನಾವು ಪ್ರಶ್ನಿಸುವ ಹೊತ್ತಲ್ಲಿ, ಮುದ್ದೆಮಾಲನ್ನೇ (ಪೊಲೀಸರು ಜಪ್ತಿ ಮಾಡಿದ ಆ ಸನಿಕೆಯನ್ನೇ) ಡಾಕ್ಟರ ಕೈಗೆ ಕೊಡಿಸಿದೆ. ಇದರ ಬಾಯಿ ತಾಗಿದ್ದರೆ ಇಂಥ ಗಾಯ ಆಗುತ್ತಿತ್ತಾ? ತಿರುಗಿಸಿ ನೋಡಿದರು. ಹಿಂಬದಿ ತಾಗಿದರೆ ಹೀಗಾಗಬಹುದು ಅಂದರು. ಸಾಕು ಅಂತ ಕೂತೆ.

ಕಣ್ಣಾರೆ ಕಂಡ ಸಾಕ್ಷಿಯನ್ನು ‘ಕೊಲ್ಲಬೇಕು ಅಂತಲೇ ಹೊಡೆದನಾ?’ ಎಂದು ಕೇಳಲೇಬಾರದು. ಹೌದು ಅಂದುಬಿಟ್ಟರೆ ಮುಗೀತು. ಬೆಳಿಗ್ಗೆಯಿಂದ ಅವನ ಕೈಯಲ್ಲಿ ಏನಿತ್ತು, ಯಾಕಿತ್ತು ಅಂತ ಕೇಳಿದೆ. ನೀರು ತಿರುಗಿಸಲು ಸನಿಕೆ ಹಿಡಿದೇ ಬಂದಿದ್ದ ಅಂದರು. ಮೊದಲು ಬೈದದ್ದು ಯಾರು, ಹತ್ತಿರ ಹೋದದ್ದು ಯಾರು ಅನ್ನುವುದೂ ಹೊರಗೆ ಬಂತು. ಎಲ್ಲಕ್ಕಿಂತ ಮುಖ್ಯವಾದದ್ದು, ಎರಡನೇ ಏಟು ಯಾಕೆ ಬೀಳಲಿಲ್ಲ ಅನ್ನುವುದು. ಯಾರೋ ಹಿಡಿದೆಳೆದದ್ದಕ್ಕೆ ನಿಂತಿದ್ದರೆ ಒಂದೇ ಏಟು ಅನ್ನುವ ವಾದಕ್ಕೆ ಬೆಲೆಯೇ ಇಲ್ಲ. ಜನ ಓಡಿ ಬರುವ ಮೊದಲೇ ಅವನು ಸನಿಕೆ ಅಲ್ಲೇ ಬಿಟ್ಟು ಹೋಗಿದ್ದ. ಮಹಜರಿನಲ್ಲೂ ಅದು ಬದುವಿನ ಮೇಲೇ ಸಿಕ್ಕಿತ್ತು.

ವಾದದ ದಿನ ಸರ್ಕಾರಿ ವಕೀಲರು 1958ರ ವಿರ್ಸಾ ಸಿಂಗ್ ತೀರ್ಪು ತೆಗೆದರು. ಅಲ್ಲೂ ಒಂದೇ ಈಟಿ ತಿವಿತ, ಆದರೂ ಕೊಲೆಯೇ ಅಂತ ಆಗಿತ್ತು. ಒಳ್ಳೆಯ ಅಸ್ತ್ರವೇ. ಆದರೆ ಅಲ್ಲಿ ಈಟಿ ಹೊಟ್ಟೆಗೆ ಇಳಿದು ಕರುಳು ಹೊರಬಂದಿತ್ತು, ಆ ಗಾಯ ಸಹಜವಾಗಿಯೇ ಸಾವು ತರುವಂಥದ್ದು ಅಂತ ಡಾಕ್ಟರು ಹೇಳಿದ್ದರು. ನಮ್ಮಲ್ಲಿ ಅಂಥ ಮಾತೇ ಇಲ್ಲ ಅಂತ ತೋರಿಸಿದೆ. 2006ರ ಪುಲಿಚೆರ್ಲ ನಾಗರಾಜು ತೀರ್ಪು ಓದಿದೆ. ಆಯುಧ ತಂದದ್ದಾ ಸ್ಥಳದಲ್ಲಿ ಸಿಕ್ಕಿದ್ದಾ, ಎಲ್ಲಿಗೆ ಹೊಡೆದ, ಎಷ್ಟು ಬಲದಿಂದ, ದಿಢೀರ್ ಜಗಳವಾ, ಹಳೇ ದ್ವೇಷವಾ ಅಂತ ನೋಡಬೇಕಾದ್ದನ್ನೆಲ್ಲ ಅದರಲ್ಲಿ ಹೇಳಿದ್ದಾರೆ. ತಲೆಗೇ ಹೊಡೆದದ್ದು ನಮಗೆ ವಿರುದ್ಧವೇ ಇತ್ತು. ಅದನ್ನು ಮುಚ್ಚಿಡಲು ಹೋಗಲಿಲ್ಲ.

ನ್ಯಾಯಾಧೀಶರು 307 ಕೈಬಿಟ್ಟು, ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದಕ್ಕಿದ್ದ 324ರಲ್ಲಿ ಶಿಕ್ಷೆ ಕೊಟ್ಟರು. ಪೂರ್ತಿ ಬಿಡುಗಡೆ ಆಗಲಿಲ್ಲ ಅಂತ ಕಕ್ಷಿದಾರನಿಗೆ ಇವತ್ತಿಗೂ ಮುನಿಸು. ಗಾಯವಾದ 307ಕ್ಕೆ ಜೀವಾವಧಿವರೆಗೂ ಹೋಗಬಹುದಿತ್ತು, 324ಕ್ಕೆ ಹೆಚ್ಚೆಂದರೆ 3 ವರ್ಷ ಅಂತ ಎಷ್ಟು ಹೇಳಿದರೂ ಅವನು ಕೇಳುವುದು ಒಂದೇ: “ಅಪೀಲು ಯಾವಾಗ ಹಾಕೋದು ಸಾರ್?”