ನಲವತ್ತೈದರಲ್ಲಿ ಮೋಟರ್ ವೈಂಡಿಂಗ್ ಕಲಿಯುವುದು ಹೇಗೆ

ಮೂವತ್ತು ದಿನದ ತರಬೇತಿ ಮುಗಿಸಿ, ಮೂವತ್ತೊಂದನೇ ದಿನ ಬೋರ್ಡು ಬರೆಸಿ ಕೂತ ವೈಂಡಿಂಗ್ ಅಂಗಡಿಗಳು ಹುಬ್ಬಳ್ಳಿಯಿಂದ ರಾಣೆಬೆನ್ನೂರಿನ ತನಕ ರಸ್ತೆ ಬದಿಗೆ ಕಾಣಸಿಗುತ್ತವೆ. ಮರುವರ್ಷ ಹೋದರೆ ಅದೇ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಿರುತ್ತಾರೆ. ಪ್ರೆಸ್ಸಿನ ಕೆಲಸ, ಡಿಟಿಪಿ ಅಂಗಡಿ, ಕಾರ್ಖಾನೆಯ ಪಗಾರ ಕೈಬಿಟ್ಟು ನಲವತ್ತರ ಮೇಲೆ ಹೊಸ ಕಸುಬು ಹಿಡಿದವರು ಬುದ್ಧಿ ಸಾಲದೆ ಸೋತದ್ದು ಕಡಿಮೆ. ತರಬೇತಿಗೂ ಸ್ವಂತ ಅಂಗಡಿಗೂ ನಡುವೆ ಇನ್ನೊಬ್ಬರ ಅಂಗಡಿಯಲ್ಲಿ ಆರು ತಿಂಗಳು ದುಡಿಯುವ ಹಂತವೊಂದಿದೆ. ಅದನ್ನು ಹಾರಿದವರೇ ಹೆಚ್ಚು ಸೋತಿದ್ದಾರೆ. ಈ ಲೇಖನದ ಅರ್ಧ ಆ ಹಂತಕ್ಕೇ ಮೀಸಲು.

ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅನ್ನೇ (ಸುಟ್ಟ ಮೋಟರಿನ ಹಳೆ ತಂತಿ ಬಿಚ್ಚಿ ಹೊಸದು ಸುತ್ತುವುದು) ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದೆ. ವರದಾ, ತುಂಗಭದ್ರಾ ದಂಡೆಯ ಮೊನೊಬ್ಲಾಕ್ (ಪಂಪೂ ಮೋಟರೂ ಒಂದಾಗಿರುವುದು) ಇರಲಿ, ಶಿರಹಟ್ಟಿ, ಮುಂಡರಗಿ ಕಡೆಯ ಬೋರ್‌ವೆಲ್ ಇರಲಿ, ಮೋಟರ್ ಸುಡುವುದು ನಿಲ್ಲುವುದಿಲ್ಲ.

1. ಮೊದಲು ಮೈ ನೋಡಿಕೊಳ್ಳಿ

ಕಸುಬು ಆಯುವಾಗ ಎಲ್ಲರೂ ಪೇಟೆ ನೋಡುತ್ತಾರೆ, ಕಣ್ಣು ಮೊಣಕಾಲು ನೋಡಿಕೊಳ್ಳುವುದಿಲ್ಲ. ನಲವತ್ತರ ಆಚೆ ಚಾಳೀಸು ಬಂದೇ ಬರುತ್ತದೆ. ತಂತಿಯ ದಪ್ಪವನ್ನು ಗೇಜ್ ನಂಬರಿನಲ್ಲಿ ಹೇಳುತ್ತಾರೆ, ನಂಬರ್ ಏರಿದಂತೆ ತಂತಿ ತೆಳ್ಳಗೆ. 22 ಗೇಜಿನ ತಂತಿ 0.71 ಮಿಲಿಮೀಟರ್ ದಪ್ಪ, 21 ಗೇಜಿನದು 0.81. ಬರಿಗಣ್ಣಿಗೆ ಎರಡೂ ಒಂದೇ. ಆದ್ದರಿಂದ ತರಬೇತಿಗೆ ಅರ್ಜಿ ಹಾಕುವ ಮೊದಲೇ ಹತ್ತಿರದ ನೋಟಕ್ಕೆ ಕನ್ನಡಕ ಮಾಡಿಸಿಕೊಳ್ಳಿ. ಬಸ್‌ಸ್ಟ್ಯಾಂಡಿನ ಬದಿಗೆ ಮಾರುವ ರೆಡಿಮೇಡ್ ಕನ್ನಡಕ ಬೇಡ, ಎರಡೂ ಕಣ್ಣಿಗೆ ಒಂದೇ ನಂಬರ್ ಇರುತ್ತದೆ, ಸಂಜೆಗೆ ತಲೆಸಿಡಿತ. ನೆಲದ ಮೇಲೆ ಕುಕ್ಕರುಗಾಲಲ್ಲಿ ಅರ್ಧ ತಾಸು ಕೂರಲಾಗದವರು ಸೊಂಟದೆತ್ತರದ ಟೇಬಲ್ ಇರುವ ಅಂಗಡಿಯನ್ನೇ ಹುಡುಕಬೇಕು. ಹರ್ನಿಯಾ ಆಪರೇಷನ್ ಆದವರಿಗೆ ಈ ಕೆಲಸ ಬೇಡವೇ ಬೇಡ. 5 ಎಚ್‌ಪಿ ಮೋಟರ್ ಎತ್ತಿ ಇಳಿಸುವುದು ದಿನದ ಪಾಡು.

2. ಇದ್ದ ಕೆಲಸ ಬಿಡುವ ಮುನ್ನ

ಪಗಾರದ ಕೆಲಸದಲ್ಲಿದ್ದವರು ಎರಡು ತಾರೀಕು ನೋಡಿಕೊಳ್ಳಿ. ಗ್ರಾಚ್ಯುಟಿ ಕೈಗೆ ಬರಲು ಸಾಮಾನ್ಯವಾಗಿ 5 ವರ್ಷ ಸೇವೆ ಆಗಿರಬೇಕು. ಪಿಎಫ್ ಜೊತೆಗಿನ ಪಿಂಚಣಿಗೆ 10 ವರ್ಷ. ಒಂಬತ್ತು ವರ್ಷ ಆದವರು ಇನ್ನೊಂದು ವರ್ಷ ತಡೆದು ಬಿಡುವುದು ಲೇಸು. ಆರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿರಲಿ, ಮದುವೆ ಮುಂಜಿಯ ಆಯರಿ ಲೆಕ್ಕವೂ ಅದರಲ್ಲೇ ಸೇರಲಿ. ಪಿಎಫ್ ಹಣ ತೆಗೆದು ಅಂಗಡಿಗೆ ಸುರಿಯುವವರು ಬಹಳ. ಅದಕ್ಕೆ ಕೈ ಹಚ್ಚಬೇಡಿ.

3. ತರಬೇತಿ

ಧಾರವಾಡದಲ್ಲಿ ಸ್ವಂತ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಮಾದರಿ ಅದು. ಅದನ್ನೇ ನೋಡಿ ಮುಂದೆ ಜಿಲ್ಲೆಗೊಂದರಂತೆ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳು ಬಂದವು. ಊಟ, ವಸತಿ, ಕಲಿಕೆ ಉಚಿತ. 18ರಿಂದ 45 ವರ್ಷ ಎಂಬ ವಯೋಮಿತಿ ಬಹುಕಾಲದಿಂದ ನಡೆದು ಬಂದದ್ದು. ಅಂಚಿನಲ್ಲಿರುವವರು ಈಗಿನ ನಿಯಮ ಏನೆಂದು ಫೋನ್ ಮಾಡಿ ಕೇಳಿ, ಆಮೇಲೆ ಅರ್ಜಿ ತುಂಬಿ. ಜುಲೈ, ಆಗಸ್ಟ್ ತಿಂಗಳಿನ ಬ್ಯಾಚು ಸಿಕ್ಕರೆ ಚಲೋ, ಕಾರಣ ಮುಂದೆ ಬರುತ್ತದೆ. ದುಡ್ಡು ಇಸಿದುಕೊಂಡು ‘ಒಂದು ವಾರದಲ್ಲಿ ಮೆಕ್ಯಾನಿಕ್’ ಮಾಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ವಿಡಿಯೊ ನೋಡಿ ಕಲಿಯುವುದೂ ಅಷ್ಟರಲ್ಲೇ ಇದೆ: ಕಾಯಿಲ್ (ತಂತಿಯ ಸುರುಳಿ) ಹಾಕುವುದನ್ನು ಚೆಂದ ತೋರಿಸುತ್ತಾರೆ, ಅಳತೆ ತೆಗೆಯುವುದನ್ನು ತೋರಿಸುವುದೇ ಇಲ್ಲ.

4. ಇನ್ನೊಬ್ಬರ ಅಂಗಡಿಯಲ್ಲಿ ಆರು ತಿಂಗಳು

ಯಾವ ಮೂವತ್ತು ದಿನದ ಕೋರ್ಸಿನಲ್ಲೂ ಒಂದು ಮೋಟರಿಗೆ ಹತ್ತು ಕೈ ಇರುತ್ತವೆ. ಕೈ ಕೂರುವುದು ಅಂಗಡಿಯಲ್ಲೇ. ಮಳೆಗಾಲದಲ್ಲಿ ತರಬೇತಿ ಮುಗಿಸಿ ಸೆಪ್ಟೆಂಬರಿನಲ್ಲಿ ಅಂಗಡಿ ಸೇರಿದರೆ ಉಸ್ತಾದರಿಗೆ ಹೇಳಿಕೊಡಲು ಪುರಸೊತ್ತು ಇರುತ್ತದೆ. ಹಿಂಗಾರಿಗೆ ನೀರು ಹಾಯಿಸುವಾಗ ಕೆಲಸ ಏರುತ್ತದೆ. ಫೆಬ್ರುವರಿಯಿಂದ ಮೇ ತನಕ ತಲೆ ಎತ್ತಲು ಬಿಡುವಿರುವುದಿಲ್ಲ. ಆ ನೂಕುನುಗ್ಗಲಿನಲ್ಲಿ ಹೊಸದಾಗಿ ಹೋದವನಿಗೆ ಸಿಗುವುದು ಚಾ ತರುವ ಕೆಲಸ ಮಾತ್ರ.

ಅಂಗಡಿ ಯಾವ ಊರಲ್ಲಿ ಇಡುವಿರೋ ಆ ಊರಲ್ಲಿ ಕಲಿಯಬೇಡಿ. ನಾಳಿನ ಎದುರಾಳಿಗೆ ಯಾರೂ ಒಳಗುಟ್ಟು ಬಿಡುವುದಿಲ್ಲ. ಶಿಗ್ಗಾಂವಿಯವರು ಹುಬ್ಬಳ್ಳಿಗೆ ಹೋಗಿ, ರೋಣದವರು ಗದಗಿಗೆ. ಮೊದಲ ದಿನವೇ ಬಾಯಿಬಿಟ್ಟು ಹೇಳಿ: “ನಾ ಅಂಗಡಿ ಇಡೂದು ಶಿಗ್ಗಾಂವ್ಯಾಗ್ರೀ, ನಿಮ್ಮ ಗಿರಾಕಿಗೆ ಕೈ ಹಚ್ಚೂದಿಲ್ರಿ.” ಮೊದಲ ಎರಡು ತಿಂಗಳು ಬಸ್ ಚಾರ್ಜು, ಊಟ. ಮೂರನೆಯ ತಿಂಗಳಿನಿಂದ ಮೋಟರಿಗೆ ಇಷ್ಟು ಎಂದು ಮೊದಲೇ ಮಾತಾಗಲಿ.

ನಡುವಯಸ್ಸಿನವರ ನಿಜವಾದ ತೊಡಕು ಇರುವುದು ಇಲ್ಲಿ. ಉಸ್ತಾದರಿಗೆ ಇಪ್ಪತ್ತಾರು, ನಿಮಗೆ ನಲವತ್ತಾರು. ಆತ ನಿಮ್ಮನ್ನು ‘ಕಾಕಾ’ ಅನ್ನುತ್ತಾನೆ. ಹದಿನೆಂಟರ ಹುಡುಗನಿಗೆ ತಪ್ಪಾದ ಕೂಡಲೆ ಬೈಗುಳ ಬೀಳುತ್ತದೆ, ಕಾಯಿಲ್ ಬಿಚ್ಚಿಸಿ ಮತ್ತೆ ಹಾಕಿಸುತ್ತಾರೆ. ನಿಮಗೆ ಮಾತ್ರ, “ಕಾಕಾ, ನೀವು ಕುಂಡ್ರ್ರಿ, ನಾ ಹಾಕ್ತೇನಿ.” ಮರ್ಯಾದೆ ಸಿಕ್ಕಿತು ಅಂತ ಕೂತಿರೋ, ಆರು ತಿಂಗಳು ಕೂತೇ ಇರುತ್ತೀರಿ. ಉತ್ತರ ತಯಾರಿರಲಿ: “ಕುಂಡ್ರಾಕ ಬಂದಿಲ್ರಿ ಉಸ್ತಾದ್, ಬೈದ್ರೂ ಅಡ್ಡಿ ಇಲ್ಲ, ನನ್ನ ಕೈಲೇನ ಮಾಡಸ್ರಿ.” ವಯಸ್ಸು ಎಷ್ಟೇ ಸಣ್ಣದಿರಲಿ ಉಸ್ತಾದ್ ಎಂದೇ ಕರೆಯಿರಿ, ಬಹುವಚನ ಬಿಡಬೇಡಿ. ಹಳೆ ಕೆಲಸದಲ್ಲಿ ನಾನು ಸೂಪರ್‌ವೈಸರ್ ಇದ್ದೆ ಎಂಬ ಮಾತು ಒಂದು ಸಲಕ್ಕಿಂತ ಹೆಚ್ಚು ಬಾಯಿಗೆ ಬರಬಾರದು.

ಕಲಿಯುವ ಕ್ರಮ ಹೀಗಿರಲಿ. ಮೊದಲ ತಿಂಗಳು ಬರೀ ಬಿಚ್ಚುವುದು ಮತ್ತು ಬರೆದಿಡುವುದು. ಇನ್ನೂರು ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಫೋಟೊ ಸಾಲದು, ಆರು ತಿಂಗಳ ಮೇಲೆ ಯಾವ ಫೋಟೊ ಯಾವ ಮೋಟರಿನದು ಎಂದು ನೆನಪಿರುವುದಿಲ್ಲ. ಒಂದು ಮೋಟರಿಗೆ ಒಂದು ಪುಟ: ಎಚ್‌ಪಿ, ಕಂಪನಿ, ಕಾಯಿಲು ಕೂರುವ ಸೀಳು ಅಂದರೆ ಸ್ಲಾಟ್ ಎಷ್ಟು (24ಕ್ಕೆ ಒಂದು ಲೆಕ್ಕ, 36ಕ್ಕೆ ಬೇರೆ), ಕಾಯಿಲಿನ ಒಂದು ಬದಿ ಯಾವ ಸ್ಲಾಟಿಗೆ ಇಳಿದರೆ ಇನ್ನೊಂದು ಬದಿ ಯಾವುದಕ್ಕೆ, ಸುತ್ತು ಎಷ್ಟು, ತಂತಿ ಒಂಟಿಯೋ ಜೋಡಿಯೋ, ಗೇಜ್ ಎಷ್ಟು, ಮೂರು ಫೇಸಿನ ತುದಿ ಜೋಡಿಸಿದ ಬಗೆ ಸ್ಟಾರೋ ಡೆಲ್ಟಾನೋ, ಕಾಯಿಲು ಸ್ಲಾಟಿನ ಹೊರಗೆ ಎಷ್ಟು ಚಾಚಿದೆ. ಸುತ್ತನ್ನು ಒಂದೇ ಕಾಯಿಲಿನಲ್ಲಿ ಎಣಿಸಿ ಬಿಡಬೇಡಿ. ಎರಡರಲ್ಲಿ ಎಣಿಸಿ, ತಾಳೆಯಾಗದಿದ್ದರೆ ಮೂರನೆಯದನ್ನೂ ಬಿಚ್ಚಿ.

ಗೇಜ್ ಅಳೆಯುವುದರಲ್ಲಿ ಹತ್ತಕ್ಕೆ ಎಂಟು ಜನ ಎಡವುತ್ತಾರೆ ಅಂದರೂ ನಡೆದೀತು. ತಂತಿಯ ಮೇಲೆ ಎನಾಮಲ್ ಲೇಪ ಇರುತ್ತದೆ. ಅದರ ಸಮೇತ ಮೈಕ್ರೊಮೀಟರಿಗೆ ಹಿಡಿದರೆ 22 ಗೇಜಿನ ತಂತಿ 0.78ರ ಹತ್ತಿರ ತೋರಿಸುತ್ತದೆ. ಹೊಸಬ ಅದನ್ನು 21 ಗೇಜ್ ಎಂದು ಬರೆಯುತ್ತಾನೆ. ದಪ್ಪ ತಂತಿ ತಂದು ಕಾಯಿಲ್ ಸುತ್ತುತ್ತಾನೆ. ಸುತ್ತೆಲ್ಲ ಸ್ಲಾಟಿನಲ್ಲಿ ಹಿಡಿಯುವುದಿಲ್ಲ. ಕೋಲಿನಿಂದ ಜಬರ್ದಸ್ತಿ ಒತ್ತುತ್ತಾನೆ, ಸ್ಲಾಟಿನ ಅಂಚು ತಾಗಿ ಲೇಪ ಕೆತ್ತಿಹೋಗುತ್ತದೆ. ಮೋಟರ್ ಅಂಗಡಿಯಲ್ಲಿ ಓಡುತ್ತದೆ, ಹೊಲದಲ್ಲಿ ವಾರಕ್ಕೆ ಬಾಡಿ ಅರ್ಥ್ ಆಗುತ್ತದೆ, ಅಂದರೆ ಕರೆಂಟು ಮೋಟರಿನ ಮೈಗೆ ಹರಿಯುತ್ತದೆ. ಆದ್ದರಿಂದ ಹಳೆ ತಂತಿಯ ತುದಿಯನ್ನು ಕಡ್ಡಿ ಗೀರಿ ಸುಟ್ಟು, ಬಟ್ಟೆಯಿಂದ ಒರೆಸಿ, ತಾಮ್ರ ಹೊಳೆದ ಮೇಲೆ ಅಳೆಯಿರಿ. ಮೂರು ಕಡೆ ಅಳೆದು ಬಂದ ಅಂಕಿಯನ್ನೇ ಬರೆಯಿರಿ.

ತಂತಿ ಕೊಳ್ಳುವಾಗ ಬ್ಲೇಡಿನಿಂದ ಒಂದು ಇಂಚು ಕೆರೆಯಿರಿ, ತುದಿ ಕತ್ತರಿಸಿಯೂ ನೋಡಿ. ಒಳಗೆ ಬೆಳ್ಳಗಿದ್ದರೆ ಅದು ಅಲ್ಯುಮಿನಿಯಂ, ಮೇಲೆ ತಾಮ್ರದ ಬಣ್ಣ ಎಷ್ಟೇ ಇರಲಿ. ಅದೇ ದಪ್ಪದ ಅಲ್ಯುಮಿನಿಯಂ ತಂತಿ ತಾಮ್ರಕ್ಕಿಂತ ಒಂದೂವರೆ ಪಟ್ಟು ಮೀರಿ ತಡೆ ಒಡ್ಡುತ್ತದೆ, ಮೋಟರ್ ಬಿಸಿಯಾಗುತ್ತದೆ. ಸೋವಿ ಸಿಗುತ್ತದೆ ಎಂದು ಇದನ್ನು ತರುವ ಅಂಗಡಿಯಲ್ಲಿ ನೀವು ಕೆಲಸ ಕಲಿಯುತ್ತಿದ್ದರೆ ಅಂಗಡಿ ಬದಲಿಸಿ.

ಎರಡು, ಮೂರನೆಯ ತಿಂಗಳು ಕಾಯಿಲ್ ಇಳಿಸುವುದು. ಕರೆಂಟು ಮೈಗೆ ತಾಗದಂತೆ ಸ್ಲಾಟಿನೊಳಗೆ ಹಾಸುವ ಲೆದರಾಯ್ಡ್ ಕಾಗದ ಸ್ಲಾಟಿನ ಎರಡೂ ಬದಿ ಐದಾರು ಮಿಲಿಮೀಟರ್ ಹೊರಗೆ ಇರಲಿ, ಅಂಚು ಮಡಚಿರಲಿ. ಒಮ್ಮೆಗೆ ನಾಲ್ಕೈದು ಎಳೆಗಿಂತ ಹೆಚ್ಚು ಇಳಿಸಬೇಡಿ. ತಳ್ಳಲು ಬಿದಿರಿನ ಇಲ್ಲವೆ ಫೈಬರಿನ ಪಟ್ಟಿ, ಸ್ಕ್ರೂಡ್ರೈವರ್ ಮಾತ್ರ ಎಂದೂ ಅಲ್ಲ. ಕಾಯಿಲಿನ ಹೊರಚಾಚು ಹಳೆಯದಕ್ಕಿಂತ ಉದ್ದವಾದರೆ ಕವರಿಗೆ ತಾಗುತ್ತದೆ. ಗಿಡ್ಡಾದರೆ ಕೊನೆಯ ಕಾಯಿಲು ಇಳಿಯುವುದೇ ಇಲ್ಲ, ಮಧ್ಯಾಹ್ನದ ಮೇಲೆ ಎಲ್ಲ ಬಿಚ್ಚಿ ಮೊದಲಿನಿಂದ.

ವಾರ್ನಿಷ್ ಹಚ್ಚುವ ಮೊದಲು ವೈಂಡಿಂಗ್ ಒಣಗಿರಬೇಕು, ಹಚ್ಚಿದ ಮೇಲೆಯೂ ಒಣಗಬೇಕು. ಓವನ್ ಇಲ್ಲದ ಅಂಗಡಿಗಳಲ್ಲಿ ವೈಂಡಿಂಗ್ ಕೂರುವ ಸ್ಟೇಟರಿನ ಒಳಗೆ 200 ವ್ಯಾಟಿನ ಬಲ್ಬ್ ಇಟ್ಟು ಮೇಲೆ ಗೋಣಿಚೀಲ ಹೊಚ್ಚುತ್ತಾರೆ. ಗೋಣಿ ಬಲ್ಬಿಗೆ ತಾಗಬಾರದು, ವಾರ್ನಿಷ್ ಹಸಿ ಇದ್ದಾಗ ಬೆಂಕಿಗೆ ಅಷ್ಟೇ ಸಾಕು. ತಗಡಿನ ಡಬ್ಬಿ ಬೋರಲು ಹಾಕುವುದು ಮೇಲು. ರೈತ ಬಾಗಿಲಲ್ಲಿ ನಿಂತು “ಇವತ್ತ ಬೇಕ್ರಿ” ಅಂದಾಗ ಅರ್ಧ ಒಣಗಿದ್ದನ್ನು ಕೊಟ್ಟು ಕಳಿಸುವುದು ಈ ಕಸುಬಿನ ದೊಡ್ಡ ಹಡಬಿಟ್ಟಿತನ.

ನಾಲ್ಕನೆಯ ತಿಂಗಳು ಟೆಸ್ಟಿಂಗ್. ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿದು ವೈಂಡಿಂಗಿಗೂ ಬಾಡಿಗೂ ನಡುವೆ ನೋಡಿ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಮೋಟರ್ ಅಂಗಡಿ ದಾಟಬಾರದು. ಹೊಸದಾಗಿ ಒಣಗಿದ ವೈಂಡಿಂಗ್ ಅದಕ್ಕಿಂತ ಎಷ್ಟೋ ಮೇಲೆ ತೋರಿಸಬೇಕು. ಆಮೇಲೆ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಹಾಕದೆ ಓಡಿಸಿ ಮೂರೂ ಫೇಸಿನ ಆಂಪಿಯರ್ ಬರೆದುಕೊಳ್ಳಿ. ಮೂರು ಅಂಕಿ ಹೆಚ್ಚುಕಡಿಮೆ ಒಂದೇ ಇರಬೇಕು. 5 ಎಚ್‌ಪಿ ಮೊನೊಬ್ಲಾಕ್ ಪೂರ್ತಿ ಲೋಡಿನಲ್ಲಿ ಸುಮಾರು 7.5 ಆಂಪಿಯರ್ ಎಳೆಯುತ್ತದೆ, ಖಾಲಿ ಓಟಕ್ಕೆ ಅದರ ಅರ್ಧದ ಒಳಗೆ ಇರಬೇಕು. ಖಾಲಿ ಓಡಿದಾಗಲೇ ಆರು ತೋರಿಸಿದರೆ ಸುತ್ತು ಕಡಿಮೆ ಹಾಕಿದ್ದೀರಿ, ಇಲ್ಲವೆ ಕನೆಕ್ಷನ್ ತಪ್ಪಿದೆ.

ಕೊನೆಯ ಎರಡು ತಿಂಗಳು, ಯಾಕೆ ಸುಟ್ಟಿತು ಎಂದು ಓದುವುದು. ಇದನ್ನು ಕಲಿಯದೆ ಬಂದವರು ತಮ್ಮ ತಪ್ಪಿಲ್ಲದಿದ್ದರೂ ಬೈಸಿಕೊಳ್ಳುತ್ತಾರೆ. ಬಿಚ್ಚಿದ ಮೋಟರಿನಲ್ಲಿ ಎರಡು ಫೇಸು ಕರಕಲಾಗಿ ಒಂದು ಫೇಸು ಹೊಸದರಂತೆ ಹೊಳೆಯುತ್ತಿದ್ದರೆ ಅದು ಸ್ಟಾರ್ ಕನೆಕ್ಷನ್, ಒಂದು ಲೈನ್ ಹೋದಾಗ ಓಡಿದೆ. ಒಂದು ಕರಕಲು, ಎರಡು ಚೆನ್ನಾಗಿದ್ದರೆ ಡೆಲ್ಟಾದಲ್ಲಿ ಅದೇ ಕಥೆ. ಮೂರೂ ಸಮನಾಗಿ ಕಪ್ಪಾಗಿದ್ದರೆ ಬೇರಿಂಗ್ ಜಾಮ್, ಓವರ್‌ಲೋಡ್, ಕಡಿಮೆ ವೋಲ್ಟೇಜ್ ಇವುಗಳಲ್ಲಿ ಒಂದು. ರಾತ್ರಿ ಎರಡೇ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಓಡಿಸುವ ರೂಢಿ ನಮ್ಮ ಕಡೆ ಇದೆ. ಹಾಗೆ ಓಡಿಸಿದಿರಾ ಎಂದು ಕೇಳಿದರೆ ಯಾರೂ ಹೂಂ ಅನ್ನುವುದಿಲ್ಲ. ಸ್ಟಾರ್ಟರ್ ಪೆಟ್ಟಿಗೆ ತರಲು ಹೇಳಿ, ಅದು ಸುಳ್ಳು ಹೇಳುವುದಿಲ್ಲ. ಕರೆಂಟು ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇಗೆ ತಂತಿ ಸುತ್ತಿ ಬೈಪಾಸ್ ಮಾಡಿದ್ದು ಅಲ್ಲಿಯೇ ಕಾಣುತ್ತದೆ.

ಬೋರಿನೊಳಗೆ ಇಳಿಸುವ, ನೀರು ತುಂಬುವ ಸಬ್‌ಮರ್ಸಿಬಲ್ ಮೋಟರಿನ ಕೆಲಸವೇ ಬೇರೆ. ಅಲ್ಲಿ ಎನಾಮಲ್ ತಂತಿ ಇಲ್ಲ, ವಾರ್ನಿಷ್ ಇಲ್ಲ. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಮುಚ್ಚಿದ ಸ್ಲಾಟಿನೊಳಗೆ ದಬ್ಬಣದಲ್ಲಿ ದಾರ ಪೋಣಿಸಿದಂತೆ ಎಳೆಯಬೇಕು, ಎರಡು ಆಳು ಬೇಕು. ಅದರಲ್ಲಿ ತಪ್ಪಾದರೆ ನೂರಾರು ಅಡಿ ಪೈಪು ಮತ್ತೆ ಮೇಲೆತ್ತುವ ಖರ್ಚು ಯಾರದು ಎಂಬ ಜಗಳ. ಮೊದಲ ಹಂಗಾಮು ಅದನ್ನು ಸ್ವಂತಕ್ಕೆ ಒಪ್ಪಿಕೊಳ್ಳಬೇಡಿ.

ಟೇಲರಿಂಗ್ ಆಯ್ದುಕೊಂಡ ಹೆಣ್ಣುಮಕ್ಕಳಿಗೂ ಇದೇ ಲೆಕ್ಕ. ಫಾಲು, ಪಿಕೊ ವಾರದಲ್ಲಿ ಬರುತ್ತದೆ, ಬ್ಲೌಸಿನ ಬಗಲು ಕಟಿಂಗ್ ಇನ್ನೊಬ್ಬರ ಅಂಗಡಿಯಲ್ಲಿ ಐವತ್ತು ಬ್ಲೌಸ್ ಕತ್ತರಿಸಿದ ಮೇಲೇ ಬರುವುದು. 2023ರ ಜೂನ್‌ನಿಂದ ಸಾಮಾನ್ಯ ಬಸ್ಸು ನಿಮಗೆ ಉಚಿತ, ಗದಗಿನಿಂದ ಹುಬ್ಬಳ್ಳಿಗೆ ದಿನಾ ಓಡಾಡಿ ಕಲಿಯಬಹುದು.

5. ಸಾಲ ಮತ್ತು ಸಾಮಾನು

ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿ ತನಕ, ಅಡಮಾನ ಬೇಡ. ಸಣ್ಣ ಅಂಗಡಿಗೆ ಅಷ್ಟು ಸಾಕು, ಕೊಡುತ್ತಾರೆಂದು ಐದು ಲಕ್ಷ ತೆಗೆಯಬೇಡಿ. ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಪೂರ್ತಿ ಉಚಿತ, ಹುಡುಕಿದಾಗ ಮೇಲೆ ಬರುವ ಫೀ ಕೇಳುವ ತಾಣಗಳು ಖಾಸಗಿಯವು. ಪಿಎಂ ವಿಶ್ವಕರ್ಮದಲ್ಲಿ 15,000 ರೂಪಾಯಿಯ ಟೂಲ್‌ಕಿಟ್ ಕೊಡಿಸುತ್ತೇವೆ ಎಂದು ಏಜೆಂಟರು ಬರುತ್ತಾರೆ. ಆ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದ್ದಾರೆ, ಮೋಟರ್ ವೈಂಡಿಂಗ್ ಇಲ್ಲ.

ಮೊದಲ ದಿನಕ್ಕೆ ಬೇಕಾದದ್ದು: ಕೌಂಟರ್ ಇರುವ ಕೈ ವೈಂಡಿಂಗ್ ಮಷಿನ್, ಕಾಯಿಲ್ ಸುತ್ತುವ ಅಚ್ಚಿನ (ಫಾರ್ಮಾ) ಸೆಟ್ಟು, ಮೈಕ್ರೊಮೀಟರ್, ಮೆಗ್ಗರ್, ಕ್ಲ್ಯಾಂಪ್ ಮೀಟರ್, ಬೇರಿಂಗ್ ಪುಲ್ಲರ್, ತೂಕದ ಯಂತ್ರ. ಮೆಗ್ಗರ್ ಮತ್ತು ಮೈಕ್ರೊಮೀಟರಿಗೆ ಕಂಜೂಸಿ ಬೇಡ, ಉಳಿದದ್ದು ಹಳೆಯದಾದರೂ ನಡೆಯುತ್ತದೆ. ಕರೆಂಟಿನ ವೈಂಡಿಂಗ್ ಮಷಿನ್ ಎರಡನೆಯ ವರ್ಷಕ್ಕೆ ನೋಡಿದರಾಯಿತು.

6. ಮೊದಲ ಹಂಗಾಮು

ಸುಟ್ಟ ತಾಮ್ರ ಗಿರಾಕಿಯದೋ ಅಂಗಡಿಯದೋ ಎಂದು ಮೋಟರ್ ಬಿಚ್ಚುವ ಮುಂಚೆಯೇ ಮಾತಾಗಲಿ. ಅವರ ಎದುರಿಗೇ ತೂಗಿ. ಹೊಸ ತಂತಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ ಬರಬೇಕು, ಬಹಳ ಇಳಿದರೆ ನಿಮ್ಮ ಗೇಜೋ ಸುತ್ತೋ ತಪ್ಪಿದೆ ಎಂದೇ ಅರ್ಥ. ತಂತಿಯ ದುಡ್ಡು ಮುಂಗಡ, ಕೂಲಿ ಬೇಕಾದರೆ ಉದ್ರಿ. ಸುಗ್ಗಿಯ ತನಕ ಕೂಲಿ ಕಾಯಬಹುದು, ತಾಮ್ರ ಮಾರುವವನು ಕಾಯುವುದಿಲ್ಲ.

ಪ್ರತಿ ಮೋಟರಿಗೂ ಎರಡು ಪ್ರತಿ ಚೀಟಿ ಬರೆಯಿರಿ: ತಾರೀಕು, ತಂತಿಯ ತೂಕ, ಮೆಗ್ಗರ್ ಅಂಕಿ, ಮೂರು ಫೇಸಿನ ಆಂಪಿಯರ್, ಸುಟ್ಟದ್ದಕ್ಕೆ ನಿಮಗೆ ಕಂಡ ಕಾರಣ. ಗ್ಯಾರಂಟಿ ಆರು ತಿಂಗಳು, ಆದರೆ ರಿಲೇ ಬೈಪಾಸ್ ಮಾಡಿದರೆ ಇಲ್ಲ ಎಂಬ ಸಾಲು ಸೇರಿಸಿ ಗಿರಾಕಿಯ ಸಹಿ ಹಾಕಿಸಿ. ಒಂದು ಪ್ರತಿ ಅವರಿಗೆ, ಇನ್ನೊಂದು ನಿಮ್ಮ ನೋಟ್‌ಬುಕ್ಕಿನ ಆ ಮೋಟರಿನ ಪುಟಕ್ಕೆ ಅಂಟಿಸಿ.